ಕೆರೆಯಿಂದ ಕಣಿವೆಗೆ

ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು ಬೆಳಗ್ಗೆಯೇ ಹೊರಟರೆ, ಹಿಂದೆ ಮೆಚ್ಚಿದ್ದ ಎಡೆಗಳನ್ನೆಲ್ಲ ಒಂದೇ ಹಗಲಿನಲ್ಲಿ ಮತ್ತೊಮ್ಮೆ ಕಂಡು ಬರಬಹುದು. ಚಿತ್ರದುರ್ಗಕ್ಕೆ ಹೋದವರು ಕೋಟೆಯನ್ನೇ ಏರುತ್ತಾರೆ. ನನಗೆ ಅದರ ಮಗ್ಗುಲಿನ ಚಂದ್ರವಳ್ಳಿಯೇ ಹೆಚ್ಚು. ಅಲ್ಲಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಸುಮಾರು ಹದಿನಾರು ಶತಮಾನಗಳಷ್ಟು ಹಳೆಯದು. ರಾಜ್ಯ ಕಟ್ಟಿದ ಆ ವೀರ, ಗೆಲುವುಗಳ ಜೊತೆಗೆ ತಾನು ಮಾಡಿಸಿದ ಕೆರೆಯನ್ನೂ ಹೇಳಿಕೊಂಡಿದ್ದಾನೆ. ಈ ಒಣಸೀಮೆಯಲ್ಲಿ ಅದೇನು ಸಣ್ಣ ಗೆಲುವೆ?

ಹಿರಿಯೂರಿನ ಆಚೆ, ಮಾರಿಕಣಿವೆಯಲ್ಲಿ ಅದೇ ಹಂಬಲ ಬೆಟ್ಟದಿಂದ ಬೆಟ್ಟಕ್ಕೆ ಕಲ್ಲಾಗಿ ನಿಂತಿದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿಯಿತು. ಮತ್ತೆ ಹರಿದದ್ದು 2022ರಲ್ಲಿ. ನಡುವೆ 89 ವರ್ಷ! ಆ ವೇಳೆಗೆ ವೇದಾವತಿಗೆ ಭದ್ರೆಯ ನೀರೂ ಜೊತೆಗೂಡಿತ್ತು. ಅಜ್ಜಂದಿರು ಹೇಳುತ್ತಿದ್ದ ಕೋಡಿಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಹೊಸದುರ್ಗದ ಮೇಲೆ ಹಿಂದಿರುಗುವವರು ಇಲ್ಲಿಂದ ಬೇಗ ಹೊರಡಬೇಕು. ಆದರೆ ಕಾಲು ಕೀಳುವುದಿಲ್ಲ.