ಹಲಗೆ, ಕಡತ, ಬಳಪ

ನಮ್ಮ ಸೀಮೆಯ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಯಾವುದರ ಮೇಲೆ, ಯಾವುದರಿಂದ ಬರೆಯುತ್ತಿದ್ದರೆಂಬುದನ್ನು ತಿಳಿಯಲು ಒಳ್ಳೆಯ ಆಧಾರವೊಂದಿದೆ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಎಲ್ಲ ಜಿಲ್ಲೆಗಳಿಂದಲೂ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಅದಕ್ಕೆ ಉತ್ತರ ಬರೆದನು. ಅನಂತಪುರ ಜಿಲ್ಲೆ ಏರ್ಪಟ್ಟುದು 1882ರಲ್ಲಿ. ಆದುದರಿಂದ ನೇಮಕಲ್ಲು, ರಾಯದುರ್ಗ, ಮಡಕಶಿರಾಗಳೆಲ್ಲ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು.

ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಪೂಜೆಯಾದ ಮೇಲೆ ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದರು. ಶಾಲೆಗೆ ಸೇರಿದ ಮೇಲೆ ಮರಳಿನಲ್ಲಿ ಅಕ್ಷರಾಭ್ಯಾಸ. ಕೈ ಪಳಗಿದವರು ಓಲೆಗರಿಯ ಮೇಲೆ ಕಬ್ಬಿಣದ ಲೇಖನಿಯಿಂದಲೋ ಕಾಗದದ ಮೇಲೆ ಲಾಳದ ಕಡ್ಡಿಯಿಂದಲೋ ಬರೆಯಬಹುದಾಗಿತ್ತು. ಆದರೆ ಈ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಹಲಗೆ ಮತ್ತು ಕಡತ. ಈ ಕನ್ನಡದ ಹೆಸರುಗಳನ್ನೇ ಕ್ಯಾಂಬೆಲ್ ತನ್ನ ಇಂಗ್ಲಿಷ್ ಪತ್ರದಲ್ಲಿ ಬರೆದಿದ್ದಾನೆ.

ಹಲಗೆಯೆಂದರೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದದ, ನುಣ್ಣಗೆ ಹೆರೆದ ಮರ. ಅದಕ್ಕೆ ಸ್ವಲ್ಪ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಿಳಿಯ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರಸಿ, ಮತ್ತೆ ಬರೆಯುತ್ತಿದ್ದರು.

ಅಕ್ಕಿ, ಗಂಜಿ, ಇದ್ದಲು, ಬಟ್ಟೆ: ಇವೆಲ್ಲವೂ ಮನೆಯಲ್ಲಿಯೇ ದೊರೆಯುವ ವಸ್ತುಗಳು. ಬರೆಯುವ ಸಾಮಗ್ರಿಗೆ ಹೆಚ್ಚಿನ ವೆಚ್ಚವಿರಲಿಲ್ಲ. ಆದರೂ 9,27,857 ಜನರಿದ್ದ ಜಿಲ್ಲೆಯಲ್ಲಿ ಓದುತ್ತಿದ್ದವರು 6,641 ಮಂದಿ ಮಾತ್ರ. ಹಿಂದೆ ಶಾಲೆಯಿದ್ದ ಅನೇಕ ಗ್ರಾಮಗಳಲ್ಲಿ ಆಗಲೇ ಶಾಲೆ ನಿಂತುಹೋಗಿತ್ತು. ಇದಕ್ಕೆ ದೇಶದ ಬಡತನವೇ ಕಾರಣವೆಂದು ಕ್ಯಾಂಬೆಲ್ ಸ್ಪಷ್ಟವಾಗಿ ಹೇಳಿದ್ದಾನೆ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ಕಸುಬುದಾರರ ಸಂಪಾದನೆ ಕುಗ್ಗಿತು; ಎಳೆಯ ಮಕ್ಕಳೂ ದುಡಿಮೆಗೆ ಕೈಗೂಡಿಸಬೇಕಾಯಿತು. ಹಲಗೆಗೆ ಬಳಿಯುವಷ್ಟು ಅನ್ನ ಮನೆಯಲ್ಲಿದ್ದಿರಬಹುದು. ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವಷ್ಟು ಇರಲಿಲ್ಲ.

ಕಡತವೆಂಬ ಮಾತು ಈಗ ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಹೆಸರಾಗಿ ಉಳಿದಿದೆ. ಮಕ್ಕಳು ಅದರ ಮೇಲೆ ಬರೆದುದೆಲ್ಲ ಅಂದಂದೇ ಅಳಿಸಿಹೋಯಿತು. ವಿದ್ಯಾರ್ಥಿಗಳಿಗೆ ಹಲಗೆ ಬಳಪಗಳ ಕಥೆಯನ್ನು ಹೇಳುವ ಉಪಾಧ್ಯಾಯರು, ಬರೆಯುವುದನ್ನು ನಡುವೆಯೇ ನಿಲ್ಲಿಸಬೇಕಾದ ಆ ಮಕ್ಕಳ ಕಥೆಯನ್ನೂ ಹೇಳಬೇಕು.