ಹೆರಿಗೆ ಪೂರ್ವ ಶಿಕ್ಷಣ

ಹೆರಿಗೆಯ ಹಂತಗಳು, ನೋವನ್ನು ನಿಭಾಯಿಸುವ ಬಗೆ, ಉಸಿರಾಟ, ವ್ಯಾಯಾಮ, ಮೊಲೆಯೂಡಿಸುವಿಕೆ ಇವುಗಳ ಬಗ್ಗೆ ಗರ್ಭಿಣಿಗೂ ಹೆರಿಗೆಯ ಹೊತ್ತಿನಲ್ಲಿ ಅವಳ ಜೊತೆಗಿರುವವರಿಗೂ ಮೊದಲೇ ನೀಡುವ ತರಬೇತಿ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡ್, ಸೋವಿಯತ್ ಒಕ್ಕೂಟ, ಫ್ರಾನ್ಸ್ ಮತ್ತು ಅಮೆರಿಕಗಳಲ್ಲಿ ಇದು ಸಹಜ ಹೆರಿಗೆಯ ಚಳವಳಿಯಾಗಿ ಬೆಳೆಯಿತು. ನೋವನ್ನೇ ಇಲ್ಲವಾಗಿಸುವ ಭರವಸೆಯೊಂದಿಗೆ ಆರಂಭವಾದ ಈ ತರಗತಿಗಳು ಮುಂದೆ ತಿಳಿವಳಿಕೆ ಮತ್ತು ಜೊತೆಗಾರರ ಆಸರೆಗೆ ಒತ್ತು ಕೊಡತೊಡಗಿದವು.

ಹಿನ್ನೆಲೆ

ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆ ನೋವು ತಗ್ಗಿಸಲು ಮೊದಲು ಈಥರನ್ನೂ ಬಳಿಕ ಕ್ಲೋರೋಫಾರ್ಮನ್ನೂ ಬಳಸಿದ. 1853ರಲ್ಲಿ ರಾಣಿ ವಿಕ್ಟೋರಿಯಾ ರಾಜಕುಮಾರ ಲಿಯೊಪೋಲ್ಡ್‌ನ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಪಡೆದ ಮೇಲೆ ಅದಕ್ಕಿದ್ದ ವಿರೋಧ ತಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮಾರ್ಫಿನ್ ಮತ್ತು ಸ್ಕೊಪೊಲಮಿನ್ ಬೆರೆಸಿ ಕೊಡುವ ‘ಮುಸ್ಸಂಜೆಯ ನಿದ್ದೆ’ ಎಂಬ ವಿಧಾನ ಬಂತು. ಇದರಲ್ಲಿ ನೋವಿನ ನೆನಪು ಅಳಿಯುತ್ತಿತ್ತೇ ಹೊರತು ನೋವು ಪೂರ್ತಿ ಹೋಗುತ್ತಿರಲಿಲ್ಲ. ಹೆಂಗಸರು ಮೈಮೇಲೆ ಎಚ್ಚರವಿಲ್ಲದೆ ಹೊರಳಾಡುತ್ತಿದ್ದುದರಿಂದ ಅವರನ್ನು ಮಂಚಕ್ಕೆ ಕಟ್ಟಿಹಾಕುವುದೂ ಇತ್ತು. ಅಮೆರಿಕದಲ್ಲಿ 1914ರ ಸುಮಾರಿಗೆ ಈ ಔಷಧ ಬೇಕೆಂದು ಹೋರಾಡಿದವರು ಮಹಿಳೆಯರೇ. ಮುಂದೆ ಅದೇ ದೇಶದಲ್ಲಿ ಎಚ್ಚರವಿದ್ದುಕೊಂಡೇ ಹೆರುವ ಹಕ್ಕಿಗಾಗಿ ಮಹಿಳೆಯರು ದನಿಯೆತ್ತಿದರು.

ಡಿಕ್-ರೀಡ್ ಮತ್ತು ಭಯದ ಸಿದ್ಧಾಂತ

ಇಂಗ್ಲೆಂಡಿನ ಪ್ರಸೂತಿ ತಜ್ಞ ಗ್ರಾಂಟ್ಲಿ ಡಿಕ್-ರೀಡ್ (1890–1959) 1933ರಲ್ಲಿ ‘ನ್ಯಾಚುರಲ್ ಚೈಲ್ಡ್‌ಬರ್ತ್’ ಎಂಬ ಪುಸ್ತಕ ಪ್ರಕಟಿಸಿದ. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವು ಮತ್ತೆ ಹೆದರಿಕೆಯನ್ನು ಬೆಳೆಸುತ್ತದೆ ಎಂಬುದು ಅವನ ವಾದ. ಲಂಡನ್ನಿನ ಬಡ ಬಡಾವಣೆ ವೈಟ್‌ಚಾಪೆಲ್‌ನಲ್ಲಿ ಕ್ಲೋರೋಫಾರ್ಮ್ ಬೇಡವೆಂದು ಶಾಂತವಾಗಿ ಹೆತ್ತ ಒಬ್ಬ ಹೆಂಗಸನ್ನು ಕಂಡದ್ದೇ ತನ್ನ ಯೋಚನೆಗೆ ಮೂಲವೆಂದು ಅವನು ಹೇಳಿಕೊಂಡಿದ್ದಾನೆ. ಹೆರಿಗೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಮೊದಲೇ ತಿಳಿಸುವುದು, ಮೈ ಸಡಿಲಿಸುವ ಅಭ್ಯಾಸ ಮಾಡಿಸುವುದು, ಬೇನೆಯ ಹೊತ್ತಿನಲ್ಲಿ ಗರ್ಭಿಣಿಯನ್ನು ಒಂಟಿಯಾಗಿ ಬಿಡದಿರುವುದು ಅವನ ಪದ್ಧತಿಯ ಮುಖ್ಯ ಅಂಶಗಳು. ‘ಚೈಲ್ಡ್‌ಬರ್ತ್ ವಿದೌಟ್ ಫಿಯರ್’ ಎಂಬ ಹೆಸರಿನಲ್ಲಿ 1944ರಲ್ಲಿ ಅಮೆರಿಕದಲ್ಲಿ ಹೊರಬಂದ ಅವನ ಪುಸ್ತಕ ವ್ಯಾಪಕವಾಗಿ ಓದಿಸಿಕೊಂಡಿತು.

ತಾಯ್ತನವೇ ಹೆಣ್ಣಿನ ಪರಮ ಗುರಿ ಎಂಬ ಅವನ ನಿಲುವೂ, ‘ಆದಿಮ’ ಜನಾಂಗದ ಹೆಂಗಸರಿಗೆ ಹೆರಿಗೆ ನೋವೇ ಇಲ್ಲವೆಂಬ ಅವನ ಆಧಾರವಿಲ್ಲದ ನಂಬಿಕೆಯೂ ಮುಂದೆ ಟೀಕೆಗೆ ಗುರಿಯಾದವು. ಅವನಿಂದ ಪ್ರೇರಣೆ ಪಡೆದ ಪ್ರುನೆಲ್ಲಾ ಬ್ರಯನ್ಸ್ 1956ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಸಂಘವೇ ಈಗಿನ ನ್ಯಾಷನಲ್ ಚೈಲ್ಡ್‌ಬರ್ತ್ ಟ್ರಸ್ಟ್.

ಹಾರ್ಕೀವ್‌ನಿಂದ ಪ್ಯಾರಿಸ್‌ಗೆ

ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಹಾರ್ಕೀವ್‌ನಲ್ಲಿ ವೆಲ್ವೊವ್‌ಸ್ಕಿ ಮತ್ತು ಸಂಗಡಿಗರು 1940ರ ದಶಕದ ಕೊನೆಯಲ್ಲಿ ರಷ್ಯದ ವಿಜ್ಞಾನಿ ಪಾವ್ಲೊವ್‌ನ ಅನುಬಂಧಿತ ಪ್ರತಿವರ್ತನೆಯ ತತ್ತ್ವವನ್ನು ಹೆರಿಗೆಗೆ ಅನ್ವಯಿಸಿದರು. ಗರ್ಭಕೋಶ ಸಂಕುಚಿಸಿದಾಗಲೆಲ್ಲ ನೋವನ್ನು ನಿರೀಕ್ಷಿಸುವುದು ಕಲಿತ ಅಭ್ಯಾಸ, ಆದ್ದರಿಂದ ಬೇರೊಂದು ಅಭ್ಯಾಸ ಕಲಿಸಿ ಅದನ್ನು ಅಳಿಸಬಹುದು ಎಂಬುದು ಅವರ ವಿಚಾರ. 1951ರಲ್ಲಿ ಸೋವಿಯತ್ ಸರ್ಕಾರ ಈ ಪದ್ಧತಿಯನ್ನು ದೇಶದಾದ್ಯಂತ ಜಾರಿಗೆ ತರಲು ಹೊರಟಿತು.

ಅದೇ ವರ್ಷ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಫ್ರೆಂಚ್ ವೈದ್ಯ ಫೆರ್ನಾಂದ್ ಲಮಾಜ್ (1891–1957) ಅದನ್ನು ಪ್ಯಾರಿಸ್‌ನಲ್ಲಿ ಲೋಹ ಕಾರ್ಮಿಕರ ಸಂಘ ನಡೆಸುತ್ತಿದ್ದ ‘ಬ್ಲೂಯೆ’ ಹೆರಿಗೆ ಆಸ್ಪತ್ರೆಗೆ ತಂದ. ಲಯಬದ್ಧವಾದ ಚುರುಕು ಉಸಿರಾಟವನ್ನು ಸೇರಿಸಿದ್ದು ಅವನ ವಿಶೇಷ. ಕಮ್ಯುನಿಸ್ಟ್ ದೇಶದಿಂದ ಬಂದದ್ದೆಂಬ ಕಾರಣಕ್ಕೆ ಮೂಡಿದ ಅನುಮಾನದ ನಡುವೆಯೂ, 1956ರ ಜನವರಿಯಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಪದ್ಧತಿಯಲ್ಲಿ ನೈತಿಕವಾಗಿ ಆಕ್ಷೇಪಿಸುವಂಥದ್ದೇನೂ ಇಲ್ಲವೆಂದು ಸಾರಿದರು. ಕ್ಯಾಥೊಲಿಕ್ ಕುಟುಂಬಗಳ ಹಿಂಜರಿಕೆಯನ್ನು ಕಳೆಯಲು ಇದು ನೆರವಾಯಿತು.

ಅಮೆರಿಕದಲ್ಲಿ ಬೆಳವಣಿಗೆ

ಪ್ಯಾರಿಸ್‌ನಲ್ಲಿ ಲಮಾಜ್‌ನ ಆರೈಕೆಯಲ್ಲಿ ಹೆತ್ತ ಅಮೆರಿಕದ ಮಾರ್ಜರಿ ಕಾರ್ಮೆಲ್ ಆ ಅನುಭವವನ್ನು 1959ರಲ್ಲಿ ಪುಸ್ತಕವಾಗಿ ಬರೆದಳು. ಜರ್ಮನಿಯಲ್ಲಿ ಹುಟ್ಟಿದ ಫಿಸಿಯೋಥೆರಪಿಸ್ಟ್ ಎಲಿಜಬೆತ್ ಬಿಂಗ್ (1914–2015) ಜೊತೆ ಸೇರಿ 1960ರಲ್ಲಿ ಅವಳು ಕಟ್ಟಿದ ಸಂಸ್ಥೆ ಇಂದು ಲಮಾಜ್ ಇಂಟರ್‌ನ್ಯಾಷನಲ್ ಎಂದು ಹೆಸರಾಗಿದೆ. ಅಮೆರಿಕದ ಹೆರಿಗೆ ವಾರ್ಡುಗಳಲ್ಲಿ ನಡೆಯುತ್ತಿದ್ದ ಕ್ರೌರ್ಯದ ಬಗ್ಗೆ ತಾಯಂದಿರು ಬರೆದ ಪತ್ರಗಳನ್ನು ‘ಲೇಡೀಸ್ ಹೋಮ್ ಜರ್ನಲ್’ 1958ರಲ್ಲಿ ಪ್ರಕಟಿಸಿತ್ತು. ಹಾಗಾಗಿ ಹೊಸ ತರಗತಿಗಳಿಗೆ ನೆಲ ಹದವಾಗಿತ್ತು.

ಡೆನ್ವರ್‌ನ ವೈದ್ಯ ರಾಬರ್ಟ್ ಬ್ರ್ಯಾಡ್ಲಿ 1965ರ ತನ್ನ ಪುಸ್ತಕದಲ್ಲಿ ಗಂಡನೇ ತರಬೇತುದಾರನಾಗಬೇಕೆಂದು ಹೇಳಿದ. ಅಲ್ಲಿಯವರೆಗೆ ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದ ಗಂಡಂದಿರಿಗೆ 1970ರ ದಶಕದಲ್ಲಿ ಹೆರಿಗೆ ಕೋಣೆಯ ಬಾಗಿಲು ತೆರೆಯತೊಡಗಿತು. ಬ್ರಿಟನ್ನಿನಲ್ಲಿ ಷೀಲಾ ಕಿಟ್ಸಿಂಗರ್ 1962ರ ‘ದಿ ಎಕ್ಸ್‌ಪೀರಿಯೆನ್ಸ್ ಆಫ್ ಚೈಲ್ಡ್‌ಬರ್ತ್’ ಕೃತಿಯ ಮೂಲಕ ಹೆರುವವಳ ಅನುಭವ ಮತ್ತು ಆಯ್ಕೆಯನ್ನು ಚರ್ಚೆಯ ನಡುವೆ ತಂದಳು.

ಟೀಕೆ ಮತ್ತು ಬದಲಾವಣೆ

ನೋವಿನ ಅಧ್ಯಯನಕ್ಕೆ ಹೆಸರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಸಂಗಡಿಗರು, ತರಬೇತಿ ಪಡೆದವರಿಗೂ ಹೆರಿಗೆ ನೋವು ತೀವ್ರವಾಗಿಯೇ ಇರುತ್ತದೆಂದು 1981ರಲ್ಲಿ ತೋರಿಸಿದರು. ತರಬೇತಿಯಿಂದ ನೋವು ಕೊಂಚ ತಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ‘ನೋವಿಲ್ಲದ ಹೆರಿಗೆ’ಯನ್ನು ನಂಬಿದ ಹೆಂಗಸರು ನೋವು ತಾಳಲಾಗದೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ತಗ್ಗಿಸುವ ಚುಚ್ಚುಮದ್ದು) ಕೇಳಿದಾಗ ತಾವು ಸೋತೆವೆಂದು ಭಾವಿಸುತ್ತಾರೆ ಎಂಬ ಟೀಕೆಯೂ ಬಂತು. ಆಸ್ಪತ್ರೆಗಳು ನಡೆಸುವ ತರಗತಿಗಳು ಅಲ್ಲಿನ ನಿಯಮಗಳಿಗೆ ಗರ್ಭಿಣಿಯನ್ನು ಒಗ್ಗಿಸುವುದಕ್ಕಷ್ಟೇ ಸೀಮಿತವಾಗುತ್ತವೆ ಎಂಬ ಆಕ್ಷೇಪವೂ ಇದೆ. ಲಮಾಜ್ ಸಂಸ್ಥೆ ಕ್ರಮೇಣ ಉಸಿರಾಟದ ಕಟ್ಟುಪಾಡನ್ನು ಸಡಿಲಿಸಿತು. ಬೇನೆ ತಾನಾಗಿ ಶುರುವಾಗುವವರೆಗೆ ಕಾಯುವುದು, ಓಡಾಡುವುದು, ಜೊತೆಗಾರರನ್ನು ಇರಿಸಿಕೊಳ್ಳುವುದು, ಅಂಗಾತ ಮಲಗಿ ಹೆರದಿರುವುದು, ತಾಯಿ-ಮಗುವನ್ನು ಬೇರ್ಪಡಿಸದಿರುವುದು ಮುಂತಾದವು ಈಗಿನ ಪಾಠಗಳು. ತರಗತಿಗಳ ಫಲದ ಬಗ್ಗೆ ಸಂಶೋಧನೆಯ ಪುರಾವೆ ಇನ್ನೂ ದೃಢವಾಗಿಲ್ಲ. ಆದರೆ ಬೇನೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗಿ ಸಹಜ ಹೆರಿಗೆ ಹೆಚ್ಚುತ್ತದೆಂಬುದಕ್ಕೆ ಹೆಚ್ಚಿನ ಆಧಾರವಿದೆ.

ಭಾರತ ಮತ್ತು ಕರ್ನಾಟಕ

ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯಿದ್ದುದರಿಂದ ಹೆರಿಗೆಯ ತಿಳಿವಳಿಕೆ ತಾಯಿ, ಅಜ್ಜಿ ಮತ್ತು ಸೂಲಗಿತ್ತಿಯರಿಂದ ದಾಟಿ ಬರುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. 2005ರ ಜನನಿ ಸುರಕ್ಷಾ ಯೋಜನೆಯ ನಂತರ ಹೆರಿಗೆಗಳು ವೇಗವಾಗಿ ಆಸ್ಪತ್ರೆಗೆ ಸರಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸುಮಾರು ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಾದವು. ಸಿಸೇರಿಯನ್ ಪ್ರಮಾಣ ಶೇ. 31ನ್ನು ಮೀರಿತ್ತು. ಬೆಂಗಳೂರಿನಂಥ ನಗರಗಳಲ್ಲಿ ಖಾಸಗಿ ಆಸ್ಪತ್ರೆಗಳು ಶುಲ್ಕ ಪಡೆದು ದಂಪತಿಗಳಿಗೆ ತರಗತಿ ನಡೆಸುತ್ತವೆ. ಹಳ್ಳಿಗಳಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ತಿಳಿಹೇಳುತ್ತಾರೆ. ಸರ್ಕಾರಿ ಹೆರಿಗೆ ಕೋಣೆಗಳ ಸುಧಾರಣೆಗೆ 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವು ಬೇನೆಯ ಹೊತ್ತಿನಲ್ಲಿ ಗರ್ಭಿಣಿಯ ಜೊತೆ ಅವಳಿಗೆ ಬೇಕಾದವರೊಬ್ಬರು ಇರಲು ಅವಕಾಶ ನೀಡಬೇಕೆಂದು ಹೇಳುತ್ತದೆ.