ಋಣವನ್ನು ಒಪ್ಪಿಕೊಳ್ಳುವ ಬರಹ: ವಿದ್ಯಾರ್ಥಿಗಳ ಪ್ರಬಂಧಗಳ ಮೌಲ್ಯಮಾಪನಕ್ಕೆ ಚರಿತ್ರೆಯ ಎರಡು ಪಾಠಗಳು

ಚಾಮರಾಜನಗರ, ಗುಂಡ್ಲುಪೇಟೆ ಭಾಗದ ಸ್ಥಳೀಯ ಚರಿತ್ರೆಯನ್ನು ಕುರಿತು ಇಬ್ಬರು ಪದವಿ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು ಒಮ್ಮೆ ನಮ್ಮ ಮೌಲ್ಯಮಾಪನಕ್ಕೆ ಬಂದವು. ಒಂದರ ಶೈಲಿ ನಿರರ್ಗಳವಾಗಿತ್ತು. ಅರಿಕುಠಾರವು 1818ರಲ್ಲಿ ಚಾಮರಾಜನಗರವಾದದ್ದು, ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿದ್ದದ್ದು ಎಲ್ಲವೂ ಸರಿಯಾಗಿಯೇ ನಮೂದಾಗಿತ್ತು. ಆದರೆ ಅದೆಲ್ಲ ಎಲ್ಲಿಂದ ತಿಳಿಯಿತೆಂಬ ಮಾತು ಒಂದು ಕಡೆಯೂ ಇರಲಿಲ್ಲ. ಇನ್ನೊಂದರ ಭಾಷೆ ತಡವರಿಸುತ್ತಿತ್ತು. ಆದರೆ ಊರ ಹಿರಿಯರಿಂದ ಕೇಳಿದ್ದು, ಕಲ್ಲಿನ ಮೇಲೆ ಕಂಡದ್ದು, ಪುಸ್ತಕದಲ್ಲಿ ಓದಿದ್ದು ಅದರಲ್ಲಿ ಬೇರೆ ಬೇರೆಯಾಗಿಯೇ ಉಳಿದಿದ್ದವು. ನಾವು ಮೊದಲನೆಯದಕ್ಕೆ ಹೆಚ್ಚು ಅಂಕ ಕೊಟ್ಟೆವು. ಆ ತೀರ್ಪು ಸರಿಯಲ್ಲವೆಂದು ಈಗ ತೋರುತ್ತದೆ. ಹಾಗೆ ತೋರಲು ಕಾರಣವಾದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದ ಮೈಸೂರು ಸೀಮೆಯ ಇಬ್ಬರು ಲೇಖಕರ ಕಥೆ. ಅವರಲ್ಲಿ ಒಬ್ಬರು ನಮ್ಮಂತೆಯೇ ಗುರುಗಳು.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿ ಕನಕಗಿರಿ ಎಂಬ ಜೈನ ಕ್ಷೇತ್ರವಿದೆ. 1804ರ ಸುಮಾರಿಗೆ, ಮೈಸೂರಿನ ಭೂಮಾಪನ ಕಾರ್ಯದಲ್ಲಿದ್ದ ಕಾಲಿನ್ ಮೆಕೆಂಜಿ ಮತ್ತು ಅವನ ಸಹಾಯಕ ಲಕ್ಷ್ಮಣರಾಯ ಅಲ್ಲಿಗೆ ಬಂದು, ಸ್ಥಳದ ಹಳೆಯ ವೃತ್ತಾಂತಗಳನ್ನು ವಿಚಾರಿಸಿದರು. ಅವರಿಗೆ ನೆರವಾದವನು ಅಲ್ಲಿಯ ವಿದ್ವಾಂಸ ದೇವಚಂದ್ರ. ಹಾಗೆ ಮೊದಲಾದ ಸಂಗ್ರಹಕಾರ್ಯವು ಮುಂದೆ ‘ರಾಜಾವಳಿಕಥೆ’ ಎಂಬ ಗದ್ಯಕೃತಿಯಾಗಿ, 1841ರ ವೇಳೆಗೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಆಶ್ರಯದಲ್ಲಿ ಪೂರ್ಣಗೊಂಡಿತು. ಯಾರು ಕೇಳಿದರು, ಯಾರ ಪ್ರೋತ್ಸಾಹದಿಂದ ಬರೆದದ್ದು ಎಂಬುದನ್ನು ದೇವಚಂದ್ರ ಮರೆಮಾಡಲಿಲ್ಲ.

ಈ ಕೃತಿಗೂ ಮೌಲ್ಯಮಾಪಕರು ದೊರೆತರು. ಭದ್ರಬಾಹುವಿನೊಡನೆ ಚಂದ್ರಗುಪ್ತನು ಶ್ರವಣಬೆಳಗೊಳಕ್ಕೆ ಬಂದನೆಂಬ ಪರಂಪರೆಯನ್ನು ಸಮರ್ಥಿಸಲು ಬಿ. ಎಲ್. ರೈಸ್ ಇದನ್ನು ಬಳಸಿಕೊಂಡರು. 1892ರಲ್ಲಿ ಜೆ. ಎಫ್. ಫ್ಲೀಟ್ ಅದನ್ನು ಆಕ್ಷೇಪಿಸಿದರು: ಎರಡು ಸಾವಿರ ವರ್ಷಗಳಷ್ಟು ಹಿಂದಿನ ಘಟನೆಗೆ ಇಷ್ಟು ಈಚಿನ ಸಂಕಲನವು ಸಾಕ್ಷಿಯಾಗಲಾರದು. ಆಕ್ಷೇಪದಲ್ಲಿ ಸತ್ವವಿದೆ. ಆದರೂ ಅದೇ ಕೃತಿಯು, 1800ರ ಹೊತ್ತಿಗೆ ಈ ಸೀಮೆಯ ಜೈನರು ತಮ್ಮ ಪೂರ್ವವನ್ನು ಹೇಗೆ ನೆನೆಯುತ್ತಿದ್ದರೆಂಬ ಪ್ರಶ್ನೆಗೆ ಅಮೂಲ್ಯ ಸಾಕ್ಷಿ. ಆಕರದ ಬೆಲೆಯು ನಾವು ಅದಕ್ಕೆ ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ. ದೇವಚಂದ್ರನು ತನ್ನ ಕಾಲವನ್ನೂ ಸಂದರ್ಭವನ್ನೂ ತಿಳಿಸಿದ್ದರಿಂದಲೇ ಇಂಥ ವಿವೇಚನೆ ಸಾಧ್ಯವಾಯಿತು.

ದೇವಚಂದ್ರನು ಕನಕಗಿರಿಯಲ್ಲಿ ವೃತ್ತಾಂತಗಳನ್ನು ಕೂಡಿಸುತ್ತಿದ್ದ ಆ ವರ್ಷಗಳಲ್ಲಿಯೇ, ಶ್ರೀರಂಗಪಟ್ಟಣದ ಸುತ್ತಿನ ಕ್ರೈಸ್ತ ಸಮುದಾಯದ ನಡುವೆ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ ಸೇವೆಯಲ್ಲಿದ್ದರು. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದವರು. ಸಿಡುಬಿನ ಲಸಿಕೆಯನ್ನು ಜನರಲ್ಲಿ ಹರಡಿದವರು. ಹಿಂದೂಗಳ ಆಚಾರ-ವಿಚಾರಗಳನ್ನು ಕುರಿತು ಅವರು ಒಪ್ಪಿಸಿದ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರ ಸ್ಥಾನದಲ್ಲಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸು ಸರಕಾರಕ್ಕೆ ಕಳುಹಿಸಿದರು. ಸರಕಾರವು 1807ರಲ್ಲಿ ಅದನ್ನು 2000 ವರಹಗಳಿಗೆ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಗಿ ಕೀರ್ತಿ ಪಡೆಯಿತು.

ಈ ಕೀರ್ತಿಯ ಇನ್ನೊಂದು ಮುಖ ಬಹುಕಾಲದ ನಂತರ ಬೆಳಕಿಗೆ ಬಂತು. ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಕೆರ್ದೂ 1779ರಲ್ಲಿ ತೀರಿಕೊಂಡಿದ್ದರು. ಅವರ ಬರಹವನ್ನು ಆಧರಿಸಿ 1777ರಲ್ಲಿ ಸಿದ್ಧವಾದ ಪ್ರತಿಯೊಂದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ 1987ರಲ್ಲಿ ಪ್ರಕಟಿಸಿ, ದುಬ್ವಾ ಅವರ ಗ್ರಂಥದ ಬಹುಭಾಗಕ್ಕೆ ಅದೇ ಮೂಲವೆಂದು ತೋರಿಸಿಕೊಟ್ಟರು. ದುಬ್ವಾ ತಮ್ಮ ಅನುಭವವನ್ನೂ ಸೇರಿಸಿದ್ದರು, ನಿಜ. ಆದರೆ ಹಿರಿಯ ಗುರುವಿನ ಹೆಸರು ಅಲ್ಲಿ ಇರಲಿಲ್ಲ. ಮೈಸೂರನ್ನು ಬಲ್ಲ ವಿಲ್ಕ್ಸ್ ಬರಹದಲ್ಲಿದ್ದ ತಿಳಿವಳಿಕೆಯನ್ನು ತೂಗಿದರು. ಅದರ ಮೂಲವನ್ನು ಅವರು ಕಾಣಲಾರದೆ ಹೋದರು. ಇದರ ಪರಿಣಾಮ ಒಬ್ಬರ ಕೀರ್ತಿಗಷ್ಟೇ ತಟ್ಟಿದ್ದಲ್ಲ. ಹಿಂದಿನ ತಲೆಮಾರಿನಲ್ಲಿ ತಮಿಳು, ತೆಲುಗು ನಾಡುಗಳ ಮಿಷನ್ನಿನಲ್ಲಿ ಕಂಡದ್ದನ್ನು, 1800ರ ಮೈಸೂರಿನ ಕಣ್ಣಾರೆ ಕಂಡ ವರ್ಣನೆಯೆಂದು ಓದುಗರು ನಂಬಿದರು. ಮೂಲವನ್ನು ಮುಚ್ಚಿದಾಗ ಕಾಲವೂ ಸ್ಥಳವೂ ಮುಚ್ಚಿಹೋಗುತ್ತವೆ.

ನಮ್ಮ ಮನೆಯದೇ ಆದ ಈ ಲೋಪವನ್ನು ಹೇಳುವಾಗ ದುಬ್ವಾ ಅವರ ಸೇವೆಯನ್ನು ಕಿರಿದಾಗಿಸುವ ಉದ್ದೇಶ ನಮಗಿಲ್ಲ. ಅಂದಿನ ಲೇಖಕರಲ್ಲಿ ಹಿರಿಯರ ಬರಹವನ್ನು ಸೇರಿಸಿಕೊಳ್ಳುವುದು ಅಪರೂಪವಾಗಿರಲಿಲ್ಲ. ಆದರೂ ಅದಕ್ಕಿಂತ ಬಹಳ ಹಿಂದೆಯೇ ಸಂತ ಲೂಕನು ಬೇರೊಂದು ಮಾದರಿಯನ್ನು ನಮ್ಮ ಮುಂದಿಟ್ಟಿದ್ದಾನೆ. ತನಗಿಂತ ಮುಂಚೆ ಅನೇಕರು ಬರೆಯಲು ಕೈಹಾಕಿದ್ದಾರೆಂದೂ, ಕಣ್ಣಾರೆ ಕಂಡವರಿಂದ ಸಂಗತಿಗಳು ಬಂದಿವೆಯೆಂದೂ, ತಾನು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ನೋಡಿದೆನೆಂದೂ ಅವನು ಶುಭಸಂದೇಶದ ಮೊದಲ ವಾಕ್ಯದಲ್ಲಿಯೇ ತಿಳಿಸುತ್ತಾನೆ. ದೇವಪ್ರೇರಿತ ಲೇಖಕನಿಗೇ ಋಣವನ್ನು ಒಪ್ಪಿಕೊಳ್ಳುವುದು ಕುಂದೆನಿಸಲಿಲ್ಲ.

ಹಾಗಾದರೆ ವಿದ್ಯಾರ್ಥಿಯ ಪ್ರಬಂಧವನ್ನು ಯಾವುದರಿಂದ ಅಳೆಯಬೇಕು? ಭಾಷೆ, ಅಚ್ಚುಕಟ್ಟು, ವಿಷಯದ ಪೂರ್ಣತೆ ಇವೆಲ್ಲಕ್ಕೂ ಸ್ಥಾನವಿದೆ. ಆದರೆ ಮೂರು ಪ್ರಶ್ನೆಗಳು ಇವುಗಳಿಗಿಂತ ಮೊದಲು ಬರಬೇಕು. ಬರೆದವನಿಗೆ ತನ್ನದೊಂದು ಪ್ರಶ್ನೆ ಇದೆಯೇ? ಪ್ರತಿಯೊಂದು ಮುಖ್ಯ ಮಾತು ಎಲ್ಲಿಂದ ಬಂತೆಂದು ಹೇಳಿದ್ದಾನೆಯೇ? ಆ ಆಕರವು ಎಷ್ಟು ಭಾರವನ್ನು ಹೊರಬಲ್ಲದೆಂದು ತೂಗಿದ್ದಾನೆಯೇ? ಯಂತ್ರವೇ ನಿಮಿಷಮಾತ್ರದಲ್ಲಿ ಸರಾಗವಾದ ಪುಟಗಳನ್ನು ಸಿದ್ಧಪಡಿಸಿಕೊಡುವ ಈ ದಿನಗಳಲ್ಲಿ ನಿರರ್ಗಳತೆಯೊಂದನ್ನೇ ನಂಬುವಂತಿಲ್ಲ.

ದಂಡಿಸುವ ಮುನ್ನ ಇನ್ನೊಂದನ್ನೂ ನೆನೆಯಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಗೈಡಿನ ಸಾಲುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದನ್ನೇ ನಾವು ವರ್ಷಗಟ್ಟಲೆ ಕಲಿಸಿ, ಅದಕ್ಕೇ ಅಂಕ ಕೊಟ್ಟಿದ್ದೇವೆ. ಅವನು ನಕಲು ಮಾಡಿದರೆ ಅದರಲ್ಲಿ ನಮ್ಮ ಪಾಲೂ ಇದೆ. ಅದರಲ್ಲೂ ಗುರುಮಠದಲ್ಲಿ ಇದು ಅಂಕದ ಮಾತಾಗಿಯಷ್ಟೇ ಉಳಿಯುವುದಿಲ್ಲ. ಇಂದು ಬೇರೆಯವರ ಪುಟವನ್ನು ತನ್ನದೆಂದು ಒಪ್ಪಿಸುವವನು ನಾಳೆ ಬೇರೆಯವರ ಪ್ರಬೋಧನೆಯನ್ನು ಪೀಠದಿಂದ ತನ್ನದೆಂದು ಓದಿಯಾನು. ಜನರು ಅವನ ಮಾತನ್ನು ಸಾಕ್ಷಿಯೆಂದು ನಂಬಿ ಕುಳಿತಿರುತ್ತಾರೆ.

ಆದುದರಿಂದ ಈಗ ನಾವು ಅಂಕ ಬರೆಯುವ ಮೊದಲು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ಒಂದು ಪುಟವನ್ನು ತೆರೆದು, ಇದು ನಿನಗೆ ಹೇಗೆ ತಿಳಿಯಿತೆಂದು ಕೇಳುತ್ತೇವೆ. ವಿಲ್ಕ್ಸ್ ಕೇಳದೆ ಬಿಟ್ಟಂತೆ ತೋರುವ ಪ್ರಶ್ನೆ ಇದೇ. ಅಂದು ತಡವರಿಸುತ್ತ ಬರೆದಿದ್ದ ಆ ಎರಡನೆಯ ವಿದ್ಯಾರ್ಥಿಯ ಬಳಿ ಇದಕ್ಕೆ ಉತ್ತರವಿತ್ತು, ನಾವು ಕೇಳಿರಲಿಲ್ಲ.